ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಾಗ ಎಷ್ಟೊತ್ತು?

ಅವ್ವಗ ಮೊಣಕಾಲು ಭಾಳ ತ್ರಾಸ ಐತ್ರಿ. ದೇರಳಕಟ್ಟೆ ದವಾಖಾನಿಗೆ ತೋರಸಬೇಕು. ಹುಬ್ಬಳ್ಳಿ–ಮಂಗಳೂರು ವಿಮಾನದ ದೂರ ಎಷ್ಟು, ಮನಿ ಬಿಟ್ಟು ಅಲ್ಲಿ ಮುಟ್ಟಾಕ ಎಷ್ಟೊತ್ತು ಬೇಕು? ಹೋಗಿ ಬಂದವ್ರು ಹೇಳ್ರಿ.

ಉತ್ತರ 1
ನೇರ ದೂರ ಸುಮಾರು 268 ಕಿ.ಮೀ. ಭೂಗೋಳ ಕಲಿಸಿದವನಾದ್ದರಿಂದ ಲೆಕ್ಕವನ್ನೂ ಹೇಳುತ್ತೇನೆ. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಹುಬ್ಬಳ್ಳಿಯ ಅಕ್ಷಾಂಶ 15 ಡಿಗ್ರಿ 22 ನಿಮಿಷ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯದು 12 ಡಿಗ್ರಿ 58 ನಿಮಿಷ. ಡಿಗ್ರಿಗೆ 60 ನಿಮಿಷದಂತೆ ವ್ಯತ್ಯಾಸ 144 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ 1.852 ಕಿ.ಮೀ. ಗಂಟೆಗೆ 500 ಕಿ.ಮೀ. ಆಸುಪಾಸು ಹಾರುವ ಎಟಿಆರ್‌ಗೆ (ರೆಕ್ಕೆಯಲ್ಲಿ ಪಂಖಗಳಿರುವ ಚಿಕ್ಕ ವಿಮಾನ) ಅರ್ಧ ಗಂಟೆಯ ದಾರಿ. ಏರುವುದು, ಇಳಿಯುವುದು ಎಲ್ಲ ಸೇರಿ ಒಂದು ಗಂಟೆ ಎಂದಿಟ್ಟುಕೊಳ್ಳಿ.

ಉತ್ತರ 2
ಸರ್ ಹೇಳಿದ್ದು ನೇರ ವಿಮಾನ ಸಿಕ್ಕರೆ. ಸಿಗದಿದ್ದರೆ ಬೆಂಗಳೂರಿನ ಮೇಲೆ ಹೋಗಬೇಕು. ಆಗ ಹಾರುವ ದೂರವೇ 675 ಕಿ.ಮೀ. ದಾಟುತ್ತದೆ. ನಾನು ಮಂಗಳೂರಿನವಳು, ಹುಬ್ಬಳ್ಳಿಯಲ್ಲಿ ಸಂಸಾರ. ಅತ್ತೆಯನ್ನು ಇದೇ ದಾರಿಯಲ್ಲಿ ಕರಕೊಂಡು ಹೋಗಿದ್ದೇನೆ. ಗೋಕುಲ ರಸ್ತೆಯ ನಿಲ್ದಾಣ ಊರಿಗೆ ಹತ್ತಿರ, ಅದೊಂದು ನೆಮ್ಮದಿ. ಆದರೆ ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಬೆಂಗಳೂರಿನಲ್ಲಿ ಎರಡು ಗಂಟೆಯಾದರೂ ಬಿಡುವು ಬೇಕು, ಬಜ್ಪೆಯಲ್ಲಿ ಇಳಿದ ಮೇಲೂ ದೇರಳಕಟ್ಟೆಗೆ ಟ್ಯಾಕ್ಸಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಮನೆ ಬಿಟ್ಟು ಆಸ್ಪತ್ರೆ ಮುಟ್ಟಲು ಏಳೆಂಟು ಗಂಟೆ ಹಿಡಿಯುತ್ತದೆ.

ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ ಇರಲಿ ಅಕ್ಕಾ. ಬೇರೆ ಬೇರೆ ಟಿಕೆಟ್ ಆದರೆ ಬೆಂಗಳೂರಿನಲ್ಲಿ ಬ್ಯಾಗ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾದೀತು. ಟರ್ಮಿನಲ್ಲೂ ಬದಲಾದರೆ ಅಮ್ಮನಿಗೆ ತುಂಬಾ ಕಷ್ಟ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ, ತಡವೆಂದರೆ 48 ಗಂಟೆ ಮೊದಲು. ಎಟಿಆರ್‌ಗೆ ಹತ್ತಲು ನಾಲ್ಕಾರು ಮೆಟ್ಟಿಲು ಇರುತ್ತವೆ, ಅದನ್ನೂ ಕೇಳಿಕೊಳ್ಳಿ.

ಮಳೆಗಾಲದಲ್ಲಿ ಹೋಗುವುದಾದರೆ ಡಾಕ್ಟರ ಅಪಾಯಿಂಟ್‌ಮೆಂಟ್ ಮರುದಿನಕ್ಕೆ ತೆಗೆದುಕೊಳ್ಳಿ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಮಳೆ, ಮಂಜು ದಟ್ಟವಾದರೆ ವಿಮಾನ ಮೇಲೆಯೇ ಸುತ್ತು ಹಾಕುತ್ತದೆ, ಕೆಲವೊಮ್ಮೆ ಬೇರೆ ಊರಿಗೆ ತಿರುಗುತ್ತದೆ.

ಉತ್ತರ 3
ನಾ ಆದ್ರ ರೈಲೇ ಹೇಳ್ತೀನ್ರಿ. ವಿಜಯಪುರ–ಮಂಗಳೂರು ಗಾಡಿ ರಾತ್ರಿ ಹುಬ್ಬಳ್ಳಿಯಾಗ ಹತ್ತಿದ್ರ ಹಾಸನ, ಸಕಲೇಶಪುರದ ಮ್ಯಾಲೆ ಮುಂಜಾನೆ ಮಂಗಳೂರು ಮುಟ್ಟಸ್ತದ. ತಾಸು ಲೆಕ್ಕ ಹಾಕಿದ್ರ ಜಾಸ್ತಿನ, ಖರೆ. ಆದ್ರ ಅವ್ವ ಕಾಲು ಚಾಚಿ ಮಲಗ್ತಾರ. 45 ದಾಟಿದ ಹೆಣ್ಣುಮಕ್ಕಳಿಗೆ ಲೋವರ್ ಬರ್ತ್ ಕೋಟಾ ಐತಿ, ಬುಕ್ ಮಾಡುವಾಗ ನೋಡ್ರಿ. ಮಳಿ ಜೋರಿದ್ದಾಗ ಘಾಟಿನ ಸುದ್ದಿ ವಿಚಾರಿಸ್ರಿ. 2024ರ ಜುಲೈದಾಗ ಎಡಕುಮೇರಿ ಕಡೆ ಗುಡ್ಡ ಜಾರಿ ಗಾಡಿ ನಿಂತಿದ್ವು.

ಉತ್ತರ 4
ಕಾರಿನ ಯೋಚನೆ ಇದ್ದರೆ: ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ, ಆಮೇಲೆ ಕರಾವಳಿ ಹೆದ್ದಾರಿ. ನಿಲ್ಲಿಸಿ ಕಾಲಾಡಿಸಿಕೊಂಡು ಹೋದರೆ ಪೂರಾ ಒಂದು ಹಗಲು. ಶಿರೂರಿನಲ್ಲಿ ಗುಡ್ಡ ಕುಸಿದದ್ದೂ 2024ರ ಜುಲೈಯಲ್ಲೇ, ಹಾಗಾಗಿ ಜೋರು ಮಳೆಯಲ್ಲಿ ಬೇಡ.

ಇನ್ನೊಂದು, ಅಮ್ಮನಿಗೆ ಅಲ್ಲೇ ಆಪರೇಷನ್ ಆದರೆ ವಾಪಸ್ ಟಿಕೆಟ್ ಈಗಲೇ ಮಾಡಿಸಬೇಡಿ. ಯಾವಾಗ ವಿಮಾನ ಹತ್ತಬಹುದು ಎಂದು ಡಾಕ್ಟರೇ ಹೇಳಲಿ, ಅವರಿಂದ ಪತ್ರವನ್ನೂ ಬರೆಸಿಕೊಳ್ಳಿ.