ಸಹಾಯ ಬೇಕು: ಶಿವಮೊಗ್ಗ–ಬೆಂಗಳೂರು ವಿಮಾನ, ನಿಜವಾದ ಹಾರಾಟದ ಸಮಯ ಎಷ್ಟು?

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ದೂರ ಲೆಕ್ಕ ಹಾಕುವ ಎಕ್ಸೆಲ್ ಶೀಟ್ ತಯಾರಾಗಿದೆ. ಭೂಮಿಯ ತ್ರಿಜ್ಯ 6371 ಕಿ.ಮೀ. ಹಿಡಿದು ಹ್ಯಾವರ್ಸೈನ್ ಸೂತ್ರ (ಅಕ್ಷಾಂಶ, ರೇಖಾಂಶಗಳಿಂದ ಗೋಳದ ಮೇಲಿನ ದೂರ ಕೊಡುವ ಸೂತ್ರ) ಹಾಕಿದರೆ ಸುಮಾರು 238 ಕಿ.ಮೀ., ಅಂದರೆ 129 ನಾಟಿಕಲ್ ಮೈಲಿ. ಶೀಟ್ ಬಳಸುವವರು ಅಕ್ಷಾಂಶ 13 ಡಿಗ್ರಿ 51 ನಿಮಿಷವನ್ನು 13.51 ಎಂದು ಬರೆಯಬೇಡಿ, ಅದು 13.85. ಈ ಒಂದೇ ತಪ್ಪಿಗೆ ಸೋಗಾನೆ 38 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ! ಎಕ್ಸೆಲ್‌ನಲ್ಲಿ ಡಿಗ್ರಿಯನ್ನು ರೇಡಿಯನ್‌ಗೆ (ಎಕ್ಸೆಲ್ ಬಳಸುವ ಕೋನದ ಅಳತೆ) ಬದಲಿಸುವುದನ್ನೂ ಮರೆಯಬೇಡಿ.

ದೂರದ ತಕರಾರಿಲ್ಲ, ಸಮಯದ್ದೇ ಗೊಂದಲ. ಎಟಿಆರ್ 72 ಮಾದರಿಯ ಪ್ರೊಪೆಲರ್ ವಿಮಾನ ಗಂಟೆಗೆ 500 ಕಿ.ಮೀ. ವೇಗದಲ್ಲಿ ಹೋದರೆ 29 ನಿಮಿಷ ಸಾಕು. ಆದರೆ ಏರುವಾಗ, ಇಳಿಯುವಾಗ ಆ ವೇಗ ಸಿಗುವುದಿಲ್ಲ. ಟಿಕೆಟ್‌ನಲ್ಲಿರುವ ಸಮಯವೂ ಉಪಯೋಗಕ್ಕೆ ಬಾರದು, ಅದರಲ್ಲಿ ನೆಲದ ಮೇಲಿನ ಓಡಾಟವೂ ಸೇರಿರುತ್ತದೆ.

ಮಳೆಗಾಲದ್ದು ಬೇರೆಯೇ ಲೆಕ್ಕ. ಪಶ್ಚಿಮದ ಗಾಳಿ ಬೀಸುವಾಗ ಬೆಂಗಳೂರಿನಲ್ಲಿ ಪೂರ್ವ ಕಡೆಯಿಂದ ಇಳಿಯಬೇಕು. ಶಿವಮೊಗ್ಗದಿಂದ ಬಂದ ವಿಮಾನವು ಬೆಂಗಳೂರು ನಿಲ್ದಾಣವನ್ನು ದಾಟಿ ಹೋಗಿ ತಿರುಗಿ ಬರಬೇಕಾಗುತ್ತದೆ. ಹಿಂದಿನಿಂದ ಬೀಸಿದ ಗಾಳಿ ಉಳಿಸಿಕೊಟ್ಟ ನಿಮಿಷಗಳು ಅಲ್ಲಿಗೇ ಖರ್ಚು.

ಈ ಮಾರ್ಗದಲ್ಲಿ ಓಡಾಡುವವರು ಚಕ್ರ ನೆಲ ಬಿಟ್ಟ ಮತ್ತು ನೆಲ ಮುಟ್ಟಿದ ಸಮಯ, ತಿಂಗಳು, ಯಾವ ದಿಕ್ಕಿನ ಪ್ರಯಾಣ ಎಂಬುದನ್ನು ಕಾಮೆಂಟಿನಲ್ಲಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಮುಖ್ಯವಾಗಿ ಬೇಕು. ಬಾಗಿಲು ಮುಚ್ಚಿದ ಸಮಯ ಬೇಡ.