ಮಗು ಹೋದ ಮೇಲೆ ತಾಯಿಗೆ ಬೇಕಾದ ಔಷಧಿ: ಯಾವುದಕ್ಕೆ ಎಷ್ಟು ಹೊತ್ತು ಕಾಯಬಹುದು

ತಮ್ಮಾ, ನೀನು ಗ್ರೂಪಲ್ಲಿ ಹಾಕಿದ್ದನ್ನ ಪೂರ್ತಿ ಓದಿದೆ. ಏಳೂವರೆ ತಿಂಗಳಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು, ಹೆರಿಗೆಯಾಗಿ ಇವತ್ತಿಗೆ ಮೂರನೇ ದಿನ, ಎದೆಹಾಲು ಕಟ್ಟಿಕೊಂಡು ನಿನ್ನ ಹೆಂಡತಿಗೆ ತಡೆಯೋಕಾಗ್ತಿಲ್ಲ. ಹಾಲು ನಿಲ್ಲೋಕೆ ಅಂತ ಬರೆದ ಮಾತ್ರೆನ ಮೆಡಿಕಲ್ ಸ್ಟೋರ್‌ನವರು ಚೀಟಿ ಸರಿಯಿಲ್ಲ ಅಂತ ಕೊಡಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದ್ರೆ ಆರು ವಾರ ಬಿಟ್ಟು ಚೆಕಪ್‌ಗೆ ಬನ್ನಿ ಅಂದ್ರು. ಬಸುರಿಯಾಗಿದ್ದಾಗ ಬಿಪಿ ಇತ್ತು, ರಾತ್ರಿ ನಿದ್ದೆ ಇಲ್ಲ ಅಂತಲೂ ಬರೆದಿದ್ದೀಯ. ಏನು ಹೇಳಿದ್ರೂ ಆ ಸಂಕಟ ಕಮ್ಮಿ ಆಗಲ್ಲ ಕಣೋ. ಆದ್ರೆ ಔಷಧಿ ವಿಷಯದಲ್ಲಿ ಮಾಡೋಕೆ ಕೆಲಸ ಇದೆ, ಅದೂ ಇವತ್ತೇ. ಉದ್ದಕ್ಕೆ ಹೇಳ್ತೀನಿ, ನೀನೇ ಕೂತು ಓದು, ಅವಳಿಗೆ ಓದೋಕೆ ಕೊಡಬೇಡ.

ಮೊದಲು ಇದನ್ನ ತಿಳ್ಕೋ. ಆರು ವಾರದ ಚೆಕಪ್ ಇರೋದು ಗಾಯ ಮಾಗಿದೆಯಾ, ಗರ್ಭಕೋಶ ಮೊದಲಿನ ಹಾಗಾಗಿದೆಯಾ, ಮಗುವಿನ ಮತ್ತು ಮಾಸಿನ ರಿಪೋರ್ಟ್ ಏನು ಬಂತು ಅಂತ ನೋಡೋಕೆ. ಅವಳಿಗೆ ಈಗ ಬೇಕಾಗಿರೋ ಔಷಧಿಗಳಿಗೆ ಒಂದೊಂದಕ್ಕೂ ಅದರದ್ದೇ ಗಡುವು ಇದೆ, ಕೆಲವಕ್ಕೆ ಗಂಟೆ ಲೆಕ್ಕ. ರಿಸೆಪ್ಷನ್‌ನಲ್ಲಿ ಕೂತವರ ಮುಂದೆ ಅಪಾಯಿಂಟ್‌ಮೆಂಟ್ ಪಟ್ಟಿ ಬಿಟ್ಟು ಬೇರೇನೂ ಇರಲ್ಲ. ಮಗು ಜೊತೆಗಿದ್ದಿದ್ರೆ ತೂಕ, ಲಸಿಕೆ ಅಂತ ಹೋದಾಗಲೆಲ್ಲ ಯಾರಾದ್ರೂ ತಾಯಿನೂ ನೋಡ್ತಿದ್ರು. ಮಗು ಇಲ್ಲದ ತಾಯಿ ಆ ಎಲ್ಲ ಪಟ್ಟಿಗಳಿಂದ ಬಿಟ್ಟುಹೋಗ್ತಾಳೆ. ಹೆರಿಗೆ ಡಾಕ್ಟರ್ ತಮ್ಮ ಕೆಲಸ ಮುಗೀತು ಅಂದ್ಕೋತಾರೆ, ಮನೆ ಹತ್ತಿರದ ಡಾಕ್ಟರ್ ಅದನ್ನ ಹೆರಿಗೆ ಡಾಕ್ಟರೇ ನೋಡಬೇಕು ಅಂತಾರೆ. ಅದಕ್ಕೇ ಪಟ್ಟು ಬಿಡದೆ ಕೇಳೋರು ಒಬ್ಬರು ಬೇಕು. ಅದು ಅವಳಾಗಬಾರದು, ನೀನಾಗು.

ಫೋನ್ ಮಾಡುವಾಗ ಹೊರರೋಗಿ ವಿಭಾಗಕ್ಕೆ ಮಾಡಬೇಡ. ಲೇಬರ್ ವಾರ್ಡ್‌ಗೆ ಕೊಡಿ ಅಂತ ಕೇಳು, ಅಲ್ಲಿ ಹಗಲು ರಾತ್ರಿ ಡ್ಯೂಟಿ ಡಾಕ್ಟರ್ ಇರ್ತಾರೆ. ಡಿಸ್ಚಾರ್ಜ್ ಕಾಗದ ಕೈಯಲ್ಲಿಟ್ಟುಕೊಂಡು ಇಷ್ಟೇ ಹೇಳು: “ನಮ್ಮ ಮಗು ತೀರಿಕೊಂಡಿದೆ. ಹೆರಿಗೆಯಾಗಿ ಮೂರನೇ ದಿನ. ಹಾಲು ನಿಲ್ಲಿಸೋ ಮಾತ್ರೆ ಬರೆದಿದ್ದಾರೆ, ಚೀಟಿಯಲ್ಲಿ ಪ್ರಮಾಣ ಇಲ್ಲ, ಅಂಗಡಿಯವರು ಕೊಡ್ತಿಲ್ಲ. ಬಿಪಿ ಇತ್ತು. ಇವತ್ತೇ ಒಬ್ಬ ಡಾಕ್ಟರ್ ನೋಡಿ ಸರಿಯಾಗಿ ಬರೆದುಕೊಡಬೇಕು.” ಮೊದಲ ಮಾತಲ್ಲೇ ಮಗು ಇಲ್ಲ ಅನ್ನೋದು ಬಂದುಬಿಡಲಿ. ಇಲ್ಲದಿದ್ರೆ ಪ್ರತಿಯೊಬ್ಬರೂ “ಮಗು ಹೇಗಿದೆ” ಅಂತ ಕೇಳ್ತಾರೆ, ಕಂಪ್ಯೂಟರಿನಲ್ಲಿ ಅವಳು ಹಾಲುಣಿಸೋ ತಾಯಿ ಅಂತಲೇ ಉಳಿಯುತ್ತೆ, ಆಮೇಲೆ ಕೆಲವು ಔಷಧಿಗಳನ್ನ ಆ ಕಾರಣಕ್ಕೇ ತಡೆದುಬಿಡ್ತಾರೆ. ಕರೆದ್ರೆ ಹೋಗಿ, ಆದ್ರೆ ಬಾಣಂತಿಯರು, ಮಕ್ಕಳು ಇರೋ ಕಡೆ ಕೂರಿಸಬೇಡಿ, ಬೇರೆ ಕೋಣೆ ಕೊಡಿ ಅಂತ ಮೊದಲೇ ಕೇಳ್ಕೋ. ಕೇಳಿದ್ರೆ ಸಾಮಾನ್ಯವಾಗಿ ಮಾಡಿಕೊಡ್ತಾರೆ.

ಈಗ ಬಿಪಿ. ನಿನಗೆ ಹಾಲಿನ ಮಾತ್ರೆನೇ ದೊಡ್ಡದಾಗಿ ಕಾಣ್ತಿದೆ, ನನಗೆ ಹೆಚ್ಚು ಚಿಂತೆ ಇದರದ್ದು. ಹೆರಿಗೆ ಆದ ಕೂಡಲೇ ಬಿಪಿ ಇಳಿದುಬಿಡುತ್ತೆ ಅನ್ನೋದು ತಪ್ಪು. ಮೂರರಿಂದ ಆರನೇ ದಿನದ ನಡುವೆ ಅದು ಮತ್ತೆ ಏರೋದು ಸಾಮಾನ್ಯ. ಮನೆಯಲ್ಲೇ ನೋಡೋದಾದ್ರೆ ಅವಳು ಐದು ನಿಮಿಷ ಸುಮ್ನೆ ಒರಗಿ ಕೂರಲಿ, ಕಾಲು ನೆಲದ ಮೇಲಿರಲಿ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಹೊತ್ತು ಸಮೇತ ಬರೆದಿಡು. ಎರಡು ಅಂಕಿಯಲ್ಲಿ ಒಂದಾದ್ರೂ 150/100 ಮುಟ್ಟಿದ್ರೆ ಅದೇ ದಿನ ಡಾಕ್ಟರ್‌ಗೆ ತಿಳಿಸು. ಒಂದಾದ್ರೂ 160/110 ಮುಟ್ಟಿದ್ರೆ ತಲೆನೋವು ಇರಲಿ ಬಿಡಲಿ, ನೇರ ಆಸ್ಪತ್ರೆಗೆ ಹೊರಡು. ಜೋರು ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದ್ರೂ ಅಷ್ಟೇ, ಫಿಟ್ಸ್ ಹೆರಿಗೆ ಆದ ಮೇಲೂ ಬರಬಹುದು. ಇನ್ನೊಂದು, ಬಸುರಿಯಲ್ಲಿ ಮೀಥೈಲ್‌ಡೋಪಾ ಅನ್ನೋ ಬಿಪಿ ಮಾತ್ರೆ ತಗೊಳ್ತಿದ್ಳಾ ನೋಡು. ಅದು ಮನಸ್ಸನ್ನ ಕುಗ್ಗಿಸಬಹುದಾದ ಔಷಧಿ, ಹೆರಿಗೆಯಾದ ಎರಡು ದಿನದೊಳಗೆ ಬೇರೆಯದಕ್ಕೆ ಬದಲಾಯಿಸಬೇಕು ಅಂತ ಬ್ರಿಟನ್ನಿನ ನೈಸ್ ಅನ್ನೋ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿದೆ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಹಳೆ ಮಾತ್ರೆನೇ ಮುಂದುವರಿಸಿ ಅಂತ ಬರೆಯೋದು ಸುಲಭದಲ್ಲಿ ಆಗಿಹೋಗುತ್ತೆ. ಎನಾಲಪ್ರಿಲ್, ನಿಫೆಡಿಪಿನ್, ಆಮ್ಲೊಡಿಪಿನ್, ಲ್ಯಾಬೆಟಲಾಲ್ ಇವುಗಳಲ್ಲಿ ಯಾವುದಾದ್ರೂ ಆಗುತ್ತಾ ಅಂತ ಕೇಳು. ನೀನಾಗೇ ಮಾತ್ರ ನಿಲ್ಲಿಸಬೇಡ.

ಡಿಸ್ಚಾರ್ಜ್ ಕಾಗದದಲ್ಲೇ ಅವಳ ರಕ್ತದ ಗುಂಪು ನೋಡು. ಪಾಸಿಟಿವ್ ಇದ್ರೆ ಈ ಮಾತು ಬಿಟ್ಟುಬಿಡು. ನೆಗೆಟಿವ್ ಇದ್ದು, ಮಗುವಿನ ಗುಂಪು ಪಾಸಿಟಿವ್ ಆಗಿದ್ರೆ ಅಥವಾ ನೋಡೇ ಇಲ್ಲದಿದ್ರೆ, ಆಂಟಿ-ಡಿ ಇಂಜೆಕ್ಷನ್ ಬೇಕೇ ಬೇಕು, ಪಾಸಿಟಿವ್ ರಕ್ತದ ವಿರುದ್ಧ ಅವಳ ದೇಹ ಪ್ರತಿಕಾಯ ಮಾಡಿಕೊಳ್ಳದ ಹಾಗೆ ಅದು ತಡೆಯುತ್ತೆ. 72 ಗಂಟೆಯೊಳಗೆ ಕೊಡಬೇಕು ಅಂತ ಎಲ್ಲರಿಗೂ ಗೊತ್ತು. ತಪ್ಪೋದು ಎಲ್ಲಿ ಅಂದ್ರೆ, ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ ಆ ಲೆಕ್ಕ ಹೆರಿಗೆಯಿಂದ ಅಲ್ಲ, ಎದೆಬಡಿತ ಇಲ್ಲ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾದ ಹೊತ್ತಿನಿಂದ ಶುರುವಾಗುತ್ತೆ. ಅಂದ್ರೆ ನಿಮ್ಮ ಲೆಕ್ಕದಲ್ಲಿ ಅದು ಆಗಲೇ ದಾಟಿರಬಹುದು. ದಾಟಿದ್ರೂ ಬಿಡಬೇಡ, ಹತ್ತು ದಿನದವರೆಗೂ ಕೊಟ್ರೆ ಸ್ವಲ್ಪ ಮಟ್ಟಿಗಾದ್ರೂ ಪ್ರಯೋಜನ ಇದೆ. ಅದು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕಾದ ಔಷಧಿ, ಸಣ್ಣ ಅಂಗಡಿಗಳಲ್ಲಿ ಇಡಲ್ಲ. ಆಸ್ಪತ್ರೆ ಫಾರ್ಮಸಿ, ಬ್ಲಡ್ ಬ್ಯಾಂಕ್ ಕಡೆಯೇ ಕೇಳಬೇಕು. ಕೊಟ್ಟಾಗಿದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ತಾರೀಖು, ಹೊತ್ತು, ಪ್ರಮಾಣ ಬರೆದಿರೋದನ್ನ ತೋರಿಸಿ ಅನ್ನು. ಮುಂದಿನ ಮಗುವಿನ ಜೀವ ಇದರ ಮೇಲೆ ನಿಂತಿರುತ್ತೆ.

ಸರಿ, ಹಾಲಿನ ಮಾತ್ರೆ. ಕ್ಯಾಬರ್ಗೊಲಿನ್ ಅಂತ, 0.5 ಮಿಲಿಗ್ರಾಂ ಮಾತ್ರೆ. ಇದರಲ್ಲಿ ಎರಡು ಕ್ರಮ ಇದೆ, ಗೊಂದಲ ಆಗೋದೇ ಇಲ್ಲಿ. ಹಾಲು ಬರೋಕೆ ಮುಂಚೆ, ಹೆರಿಗೆಯ ಮೊದಲ ದಿನವೇ ಆದ್ರೆ 1 ಮಿಲಿಗ್ರಾಂ ಅಂದ್ರೆ ಎರಡು ಮಾತ್ರೆ ಒಂದೇ ಸಲಕ್ಕೆ. ಹಾಲು ಬಂದಾದ ಮೇಲೆ, ಈಗ ಅವಳಿಗಿರೋ ಹಾಗೆ, 0.25 ಅಂದ್ರೆ ಅರ್ಧ ಮಾತ್ರೆ, ಹನ್ನೆರಡು ಗಂಟೆಗೊಮ್ಮೆ, ಎರಡು ದಿನ. ಒಟ್ಟು ನಾಲ್ಕು ಸಲ, ಎರಡೇ ಮಾತ್ರೆ. ಇದೇ ಮಾತ್ರೆನ ಪ್ರೊಲ್ಯಾಕ್ಟಿನ್ ಅನ್ನೋ ಹಾಲು ಬರಿಸೋ ಹಾರ್ಮೋನ್ ಹೆಚ್ಚಿರೋರಿಗೆ ವಾರಕ್ಕೆ ಒಂದೋ ಎರಡೋ ಸಲ ಕೊಡ್ತಾರೆ, ಫಾರ್ಮಸಿಯವರು ದಿನಾ ನೋಡೋದು ಅದನ್ನೇ. ಹನ್ನೆರಡು ಗಂಟೆಗೊಮ್ಮೆ ಅಂತ ಕಂಡ್ರೆ, ಇಲ್ಲಾ ಪ್ರಮಾಣವೇ ಬರೆದಿಲ್ಲ ಅಂದ್ರೆ, ಅವರು ಹಿಂದೆ ಸರಿಯೋದು ಸಹಜ, ಅವರ ಮೇಲೆ ಕೋಪ ಮಾಡ್ಕೋಬೇಡ. ಚೀಟಿಯಲ್ಲಿ ಅವಳ ಹೆಸರು, ತಾರೀಖು, ಔಷಧಿ ಹೆಸರು, 0.5 ಅನ್ನೋ ಶಕ್ತಿ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ, ಒಟ್ಟು ಎಷ್ಟು ಮಾತ್ರೆ, ಡಾಕ್ಟರ್ ಸಹಿ, ನೋಂದಣಿ ಸಂಖ್ಯೆ, ಇವೆಲ್ಲ ಇರಬೇಕು. ಜೊತೆಗೆ ಒಂದು ಸಾಲು, ಮಗು ತೀರಿಕೊಂಡ ಕಾರಣ ಎದೆಹಾಲು ನಿಲ್ಲಿಸಲು, ಅಂತ. ಆ ಒಂದು ಸಾಲಿದ್ರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತೆ. ಆಗಲೂ ಅನುಮಾನ ಪಟ್ರೆ, ಅಲ್ಲಿಂದಲೇ ಡಾಕ್ಟರ್‌ಗೆ ಫೋನ್ ಹಚ್ಚಿ ಫಾರ್ಮಸಿಸ್ಟ್ ಕೈಗೆ ಕೊಡು.

ಆದ್ರೆ ತಮ್ಮಾ, ಮಾತ್ರೆ ಸಿಕ್ಕಿಬಿಟ್ರೆ ನುಂಗಿಸೋದೇ ಅಂತಲ್ಲ. ಬಿಪಿ ಹತೋಟಿಯಲ್ಲಿ ಇಲ್ಲದೋರಿಗೆ, ಬಸುರಿ-ಬಾಣಂತಿ ಬಿಪಿ ಕಾಯಿಲೆ ಅಂದ್ರೆ ಪ್ರಿಎಕ್ಲಾಂಪ್ಸಿಯಾ ಇರೋರಿಗೆ, ಹೃದಯದ ಕವಾಟದ ತೊಂದರೆ ಇದ್ದೋರಿಗೆ, ಹಿಂದೆ ಬಾಣಂತಿ ಸನ್ನಿಯಂಥ ಮಾನಸಿಕ ಕಾಯಿಲೆ ಬಂದಿದ್ದೋರಿಗೆ ಕ್ಯಾಬರ್ಗೊಲಿನ್ ಕೊಡಬಾರದು. ಅವಳ ವಿಷಯದಲ್ಲಿ ಬರೆಯೋಕೆ ಮುಂಚೆ ಬಿಪಿ ನೋಡಿದ್ರಾ ಅಂತ ಕೇಳಲೇಬೇಕು, ಇವತ್ತಿನ ಬಿಪಿ ಗೊತ್ತಾಗೋವರೆಗೆ ಕೊಡಬೇಡ. ರಕ್ತಸ್ರಾವ ನಿಲ್ಲೋಕೆ ಮೀಥೈಲ್ ಎರ್ಗೊಮೆಟ್ರಿನ್ ಕೊಟ್ಟಿದ್ರೆ ಹೇಳು, ಅದೂ ಇದೇ ಕುಲದ ಔಷಧಿ, ಜೊತೆಗೆ ಬೇಡ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಇದ್ರೂ ಹೇಳು. ವಾಂತಿಗೆ ಅಂತ ಮೆಟೊಕ್ಲೊಪ್ರಮೈಡ್ ಕೊಟ್ರೆ ಅದು ಹಾಲನ್ನ ಹೆಚ್ಚಿಸೋ ಕಡೆಗೇ ಕೆಲಸ ಮಾಡುತ್ತೆ. ಡಾಕ್ಟರ್ ಸರಿ ಅಂದ್ರೆ ಊಟ ಆದ ಮೇಲೆ ತಗೊಂಡು ಮಲಗಲಿ, ತಲೆ ಸುತ್ತಬಹುದು, ಎದ್ದೇಳುವಾಗ ನೀನು ಪಕ್ಕದಲ್ಲಿರು. ಇದರ ಬದಲು ಬ್ರೋಮೊಕ್ರಿಪ್ಟಿನ್ ಇದೆ ಅಂತ ಯಾರಾದ್ರೂ ಕೊಡೋಕೆ ಬಂದ್ರೆ ಒಪ್ಪಬೇಡ. ಪಾರ್ಶ್ವವಾಯು, ಹೃದಯಾಘಾತ, ಫಿಟ್ಸ್ ವರದಿಯಾದ್ದರಿಂದ ಅಮೆರಿಕದಲ್ಲಿ 1990ರ ದಶಕದಲ್ಲೇ ಹಾಲು ನಿಲ್ಲಿಸೋಕೆ ಅದನ್ನ ಬಳಸೋ ಒಪ್ಪಿಗೆ ಹಿಂತೆಗೆದ್ರು. ಅವಳಿಗಂತೂ ಬಿಪಿ ಬೇರೆ ಇದೆ.

ಮಾತ್ರೆ ಬೇಡ ಅಂತಾದ್ರೆ ದಾರಿ ಮುಚ್ಚಿಹೋಯ್ತು ಅಂತಲ್ಲ. ಹಾಲು ತೆಗೀದೇ ಬಿಟ್ರೆ ತಾನಾಗೇ ನಿಲ್ಲುತ್ತೆ. ಗಟ್ಟಿ ಕಟ್ಟೋ ನೋವು ಎರಡು ಮೂರು ದಿನ ಜೋರಾಗಿರುತ್ತೆ, ಒಂದೆರಡು ವಾರ ಹನಿ ಬೀಳ್ತಾ ಇರಬಹುದು. ಸರಿಯಾಗಿ ಕೂರೋ ಬ್ರಾ ರಾತ್ರಿನೂ ಹಾಕಿರಲಿ. ಚಿಕ್ಕಮ್ಮಾ, ನೀವು ಗ್ರೂಪಲ್ಲಿ ಎದೆನ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಅಂದ್ರಿ, ದಯವಿಟ್ಟು ಅದು ಬೇಡ, ನಾಳ ಕಟ್ಟಿಕೊಂಡು ಬಾವು ಬರಬಹುದು. ತಣ್ಣನೆ ಪ್ಯಾಕ್ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಬಿಸಿ ಶಾಖ ಬೇಡ, ಬಿಸಿಗೆ ಹಾಲು ಇಳಿಯುತ್ತೆ. ತಡೆಯೋಕೇ ಆಗದಿದ್ರೆ ಬಿಗಿ ಸಡಿಲ ಆಗೋವಷ್ಟು ಮಾತ್ರ ಕೈಯಲ್ಲಿ ಹಿಂಡಿ ತೆಗೀಲಿ, ಪೂರ್ತಿ ಖಾಲಿ ಮಾಡಿದ್ರೆ ದೇಹ ಇನ್ನಷ್ಟು ಮಾಡುತ್ತೆ. ನೀರು ಕಮ್ಮಿ ಕುಡಿಸಬೇಡಿ, ಅದರಿಂದ ಹಾಲು ನಿಲ್ಲಲ್ಲ. ನೋವಿಗೆ ಪ್ಯಾರಾಸಿಟಮಾಲ್ 500ರಿಂದ 1000 ಮಿಲಿಗ್ರಾಂ ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ದಾಟಬಾರದು, ತೂಕ 50 ಕೆಜಿಗಿಂತ ಕಮ್ಮಿ ಇದ್ರೆ ಡಾಕ್ಟರ್ ಹೇಳಿದಷ್ಟು ಕಮ್ಮಿ. ಐಬುಪ್ರೊಫೆನ್ ಮಾತ್ರ ಬಿಪಿ ಕಾರಣಕ್ಕೆ ಕೇಳದೆ ಕೊಡಬೇಡ. ಎದೆಯಲ್ಲಿ ಒಂದು ಕಡೆ ಕೆಂಪು, ಬಿಸಿ, 38 ಡಿಗ್ರಿ ಮೇಲೆ ಜ್ವರ, ಚಳಿ ನಡುಕ ಬಂದ್ರೆ ಆವತ್ತೇ ತೋರಿಸಬೇಕು. ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ರೆ ಅದು ಗರ್ಭಕೋಶದ ಸೋಂಕಾಗಿರಬಹುದು, ಆಗ ಒಂದು ರಾತ್ರಿಯೂ ಕಾಯಬಾರದು.

ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಚುಚ್ಚೋ ಹೆಪಾರಿನ್ ಕೊಟ್ಟಿದ್ರೆ ಎಷ್ಟು ದಿನ ಅಂತ ಕೇಳು, ಹತ್ತು ದಿನ ಇರಬಹುದು, ಆರು ವಾರ ಇರಬಹುದು. ಮನೆಗೆ ಕೊಟ್ಟ ಸಿರಿಂಜ್ ಮುಗಿದ್ರೆ ಔಷಧಿ ಮುಗೀತು ಅಂತ ಅರ್ಥ ಅಲ್ಲ.

ನಿದ್ದೆ ಮತ್ತೆ ಮನಸ್ಸು. ದುಃಖಕ್ಕೆ ಮಾತ್ರೆ ಇಲ್ಲ ಅಂತ ಡಾಕ್ಟರ್ ಅಂದ್ರೆ ಅದು ಪೂರ್ತಿ ಸುಳ್ಳಲ್ಲ, ಅಳೋದು ಕಾಯಿಲೆ ಅಲ್ಲ. ಆದ್ರೆ ಆ ಮಾತನ್ನ ಹೇಳಿ ವಾಪಸ್ ಕಳಿಸೋದು ತಪ್ಪು. ಎರಡು ವಾರ ದಾಟಿದ್ರೂ ಊಟ ಸೇರದೆ, ಯಾವುದೂ ಬೇಡ ಅನ್ನಿಸ್ತಾ ಇದ್ರೆ ಖಿನ್ನತೆ ಇದೆಯಾ ಅಂತ ನೋಡಲೇಬೇಕು. ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ, ಹತ್ತು ಪ್ರಶ್ನೆ, ಒಟ್ಟು 30 ಅಂಕ, 13 ಅಥವಾ ಹೆಚ್ಚು ಬಂದ್ರೆ ಡಾಕ್ಟರ್‌ಗಳು ಗಂಭೀರವಾಗಿ ತಗೊಳ್ತಾರೆ. ಅವಳೇ ತುಂಬಿದ ಆ ಕಾಗದ ಎದುರಿಗಿಟ್ರೆ “ಸರಿಹೋಗುತ್ತೆ ಬಿಡಿ” ಅನ್ನೋದು ಕಷ್ಟ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳೋ ಯೋಚನೆ ಬಗ್ಗೆ. ಅದಕ್ಕೆ ಹೌದು ಅಂದ್ರೆ ಅಂಕ ಎಷ್ಟಿದ್ರೂ ಅದೇ ದಿನ ಕರ್ಕೊಂಡು ಹೋಗು, ಒಬ್ಬಳನ್ನೇ ಬಿಡಬೇಡ. ನಿದ್ದೆಯೇ ಇಲ್ಲದೆ ಏನೇನೋ ಮಾತಾಡೋದು, ಇಲ್ಲದ್ದು ಕೇಳಿಸೋದು, ವಿಪರೀತ ಅನುಮಾನ ಕಂಡ್ರೂ ಹಾಗೇ. ಇದು ಮೊದಲ ಎರಡು ವಾರದಲ್ಲೇ ಜಾಸ್ತಿ ಬರೋದು.

ಖಿನ್ನತೆಗೆ ಸರ್ಟ್ರಲಿನ್ ಥರದ ಮಾತ್ರೆ ಕೊಟ್ರೆ 25 ಅಥವಾ 50 ಮಿಲಿಗ್ರಾಂನಿಂದ ಶುರು ಮಾಡ್ತಾರೆ. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಆಗಬಹುದು. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಅದಕ್ಕೇ ಮೊದಲ ಚೀಟಿಯ ಮಾತ್ರೆ ತೀರೋ ಮುಂಚೆ ಎರಡನೇ ಚೀಟಿ ಬರೆಸಿಕೊಂಡಿರು, ಮಧ್ಯದಲ್ಲಿ ತಟ್ಟನೆ ನಿಲ್ಲಬಾರದು. ಹಿಂದೆ ಯಾವುದಾದ್ರೂ ಅವಳಿಗೆ ಒಗ್ಗಿದ್ದನ್ನ ಬಸುರಿ ಅಂತ ಬಿಡಿಸಿದ್ರೆ ಅದರ ಹೆಸರೇ ಹೇಳು. ನಿದ್ದೆ ಮಾತ್ರೆನ ಕೆಲವೇ ದಿನಕ್ಕೆ ಕೊಡೋದು ನಿಯಮ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಮಾತ್ರೆ ಡಬ್ಬಿ ನಿನ್ನ ಹತ್ತಿರ ಇರುತ್ತೆ, ದಿನಕ್ಕೆ ಒಂದೇ ಕೊಡ್ತೀನಿ ಅಂದ್ರೆ ಬರೆಯೋಕೆ ಅವರಿಗೂ ಧೈರ್ಯ ಬರುತ್ತೆ.

ಗ್ರೂಪಲ್ಲಿ ಇನ್ನೊಬ್ಬರು ಒಂಬತ್ತನೇ ವಾರದಲ್ಲಿ ಎದೆಬಡಿತ ನಿಂತ ಬಗ್ಗೆ ಕೇಳಿದ್ರಲ್ಲ, ಅಕ್ಕಾ, ನಿಮಗೂ ಸೇರಿಸಿ ಹೇಳ್ತೀನಿ. ಒಳಗೆ ಉಳಿದಿದ್ದು ಹೊರಗೆ ಬರೋಕೆ ಅಂತ ಅಲ್ಲಿ ಬರೆಯೋದು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ, ಅಂದ್ರೆ 200ರ ನಾಲ್ಕು ಮಾತ್ರೆ. ಬೇಡದ ಬಸುರು ತೆಗೆಯೋಕೂ ಇವೇ ಮಾತ್ರೆ ಆದ್ದರಿಂದ ಅಂಗಡಿಗಳು ಹಿಂಜರೀತವೆ. ಸ್ಕ್ಯಾನ್ ರಿಪೋರ್ಟ್ ಜೊತೆಗಿರಲಿ, ಆದಷ್ಟೂ ಆಸ್ಪತ್ರೆಯಲ್ಲೇ ಕೇಳಿ ತಗೊಳ್ಳಿ. ಬಸುರು ಗರ್ಭಕೋಶದೊಳಗೇ ಇತ್ತು ಅಂತ ಸ್ಕ್ಯಾನ್‌ನಲ್ಲಿ ಖಚಿತವಾಗಿರಬೇಕು. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ಮುಂದುವರಿದ್ರೆ ತಕ್ಷಣ ಆಸ್ಪತ್ರೆ.

ತಮ್ಮಾ, ಆಸ್ಪತ್ರೆಗೆ ಮಾತಾಡುವಾಗ ಮಗುವಿನ ಲಸಿಕೆ ನೆನಪಿಸೋ ಮೆಸೇಜ್ ಪಟ್ಟಿಯಿಂದ ಅವಳ ನಂಬರ್ ತೆಗೆಸಿಬಿಡು, ಇಲ್ಲದಿದ್ರೆ ಆರನೇ ವಾರಕ್ಕೆ ಬಂದೇ ಬರುತ್ತೆ. ಈಗ ಅವಳ ಬಿಪಿ ನೋಡು. ಡಿಸ್ಚಾರ್ಜ್ ಕಾಗದದ ಎರಡೂ ಪುಟ, ಆ ಚೀಟಿ, ರಕ್ತದ ಗುಂಪು ಇರೋ ಪುಟ, ಇವುಗಳ ಫೋಟೋ ಗ್ರೂಪಿಗೆ ಹಾಕಬೇಡ, ನನಗೆ ಮಾತ್ರ ಕಳಿಸು. ಆಮೇಲೆ ಲೇಬರ್ ವಾರ್ಡ್‌ಗೆ ಫೋನ್ ಮಾಡು. ಅವರು ಮತ್ತೆ ಆರು ವಾರ ಅಂದ್ರೆ ಹೇಳಿದವರ ಹೆಸರು, ಹೊತ್ತು ಬರೆದುಕೊಂಡು, ಅವಳನ್ನ ಕರ್ಕೊಂಡು ನೇರ ತುರ್ತು ವಿಭಾಗಕ್ಕೆ ಹೋಗು.