ಮೀಟರಲ್ಲಿ 4, ಲ್ಯಾಬಲ್ಲಿ 7,800: ಎಣ್ಣೆ ಮಣ್ಣಿನ ಗುಡ್ಡೆ, ಯಾವುದನ್ನ ನಂಬೋದು?

ಬಾಗೆ_ಹುಡುಗ
ಎಲ್ರಿಗೂ ನಮಸ್ಕಾರ. ಶಿರಾಡಿ ಘಾಟಿ ಕಡೆ ಮಗುಚಿದ ಒಂದು ಡೀಸೆಲ್ ಟ್ಯಾಂಕರಿನ ಎಣ್ಣೆ ಕುಡಿದ ಮಣ್ಣನ್ನ ಜೆಸಿಬೀಲಿ ಕೆರೆದು ತಂದು ಸಕಲೇಶಪುರದ ಹತ್ರ ದಪ್ಪ ಶೀಟ್ ಹಾಸಿ ಗುಡ್ಡೆ ಹಾಕಿದೀವಿ, ಜೀವಾಣು ಎಣ್ಣೆ ತಿನ್ಲಿ ಅಂತ ಗೊಬ್ಬರ ಬೆರೆಸಿ ವಾರಕ್ಕೊಂದ್ಸಲ ಕೆದಕಿ ತಿರುವಿ ಹಾಕೋ ಕೆಲಸ, ನಾನು ಸೂಪರ್‌ವೈಸರ್, ಜೊತೆಗೆ ಎಂಟು ಜನ. ಪಿಐಡಿ ಮೀಟರ್ ಗುಡ್ಡೆ ಹತ್ರ ಹಿಡಿದ್ರೆ 3-4 ಪಿಪಿಎಂ ಅಷ್ಟೇ. ಆದ್ರೆ ಲ್ಯಾಬಿನ ಟಿಪಿಎಚ್ (ಮಣ್ಣಲ್ಲಿರೋ ಒಟ್ಟು ಪೆಟ್ರೋಲಿಯಂ ಎಣ್ಣೆ) ರಿಪೋರ್ಟು ಮೊದಲ ಸಲ ಕೆಜಿಗೆ 1,100 ಮಿಲಿಗ್ರಾಂ, ಎರಡನೇ ಸಲ 7,800, ಗುಡ್ಡೆ ಮಾತ್ರ ಅದೇ. ಕಂಟ್ರಾಕ್ಟರ್ ಮೀಟರ್ ನೋಡಿ ಮಾಸ್ಕ್ ಗೀಸ್ಕ್ ಏನೂ ಬೇಡ ಅಂತಾರೆ. ಇಲ್ಲಿ ನೋಡಿದ್ರೆ ಇಬ್ರು ಹೆಂಗಸ್ರಿಗೆ ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕೈಯೆಲ್ಲಾ ಕಡಿತ.

ಕೆಮಿಸ್ಟ್ರಿ_ಅಕ್ಕ
ತಮ್ಮಾ, ಪಿಐಡಿ ಅಳೆಯೋದು ಗಾಳಿಗೆ ಬಂದ ಆವಿನ, ಮಣ್ಣಲ್ಲಿರೋ ಎಣ್ಣೆನಲ್ಲ. ಡೀಸೆಲ್ ಕುದಿಯೋದೇ ಸುಮಾರು 180ರಿಂದ 360 ಡಿಗ್ರೀಲಿ, ಅದು ಸುಲಭಕ್ಕೆ ಆವಿ ಆಗಲ್ಲ, ಮಣ್ಣು ತೊಪ್ಪೆ ಆಗಿದ್ರೂ ಮೀಟರ್ ಸುಮ್ನೆ ಇರುತ್ತೆ. ಇನ್ನು ನಿಮ್ಮ ಕಡೆ ಬೆಳಗ್ಗೆ ಮಂಜು, ಸೋನೆ ಮಳೆ, ಗಾಳೀಲಿ ತೇವ ಜಾಸ್ತಿ ಇದ್ರೆ ಅದು ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ಮಣ್ಣಿಗೆ ಹಿಡಿಯೋದಾದ್ರೆ ಗಾಜಿನ ಬಾಟ್ಲಿಗೆ ಅರ್ಧ ಮಣ್ಣು ಹಾಕಿ ಬಾಯಿಗೆ ಫಾಯಿಲ್ ಬಿಗಿದು ಕುಲುಕಿ ಹತ್ತು ನಿಮಿಷ ಬೆಚ್ಚಗಿನ ಕಡೆ ಇಟ್ಟು ಆಮೇಲೆ ಫಾಯಿಲ್ ಚುಚ್ಚಿ ಓದಬೇಕು. ಅದು ಕೂಡ ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅಂತ ಹುಡುಕೋಕೆ ಮಾತ್ರ. ಅಂದಹಾಗೆ ಸ್ಯಾಂಪಲ್ ಯಾವುದ್ರಲ್ಲಿ ಕಳಿಸಿದ್ರಿ?

ಬಾಗೆ_ಹುಡುಗ
ಮೊದಲ ಸಲ ಪ್ಲಾಸ್ಟಿಕ್ ಕವರಲ್ಲಿ ಅಕ್ಕಾ, ಗುಡ್ಡೆ ಮೇಲ್ಗಡೆಯಿಂದ್ಲೇ ತೆಗೆದಿದ್ದು. ನಾಲ್ಕು ದಿನ ಆಫೀಸಲ್ಲೇ ಇತ್ತು, ಆಮೇಲೆ ಬಸ್ಸಲ್ಲಿ ಬೆಂಗ್ಳೂರಿಗೆ ಹೋಯ್ತು. ಎರಡನೇದು ಲ್ಯಾಬಿನವರೇ ಕೊಟ್ಟ ಬಾಟ್ಲಿ, ಒಳಗಿಂದ ತೆಗೆದಿದ್ದು.

ಕೆಮಿಸ್ಟ್ರಿ_ಅಕ್ಕ
ಹಂಗಾದ್ರೆ 1,100ನ್ನ ಮರೆತುಬಿಡಿ. ಮೇಲಿನ ಪದರ ಬಿಸಿಲಿಗೆ ಗಾಳಿಗೆ ಆಗ್ಲೇ ಆರಿರುತ್ತೆ, ಕವರಲ್ಲಿ ಹಗುರ ಭಾಗ ಹಾರಿಹೋಗುತ್ತೆ, ಮಣ್ಣಿನ ಜೀವಾಣು ಕೂತ ಕಡೇನೇ ಎಣ್ಣೆ ತಿಂತಾ ಇರ್ತವೆ. ಒಂದಡಿ ಒಳಗೆ ಅಗೆದು, ಗಾಜಿನ ಅಗಲ ಬಾಯಿ ಬಾಟ್ಲಿಗೆ ಗಾಳಿ ಉಳೀದಂಗೆ ಕಂಠದವರೆಗೂ ತುಂಬಿ, ಟೆಫ್ಲಾನ್ ಒಳಪದರದ ಮುಚ್ಚಳ ಹಾಕಿ, ಐಸ್ ಬಾಕ್ಸಲ್ಲಿ ಸುಮಾರು 4 ಡಿಗ್ರೀಲಿ ಕಳಿಸಿ, ಲ್ಯಾಬಲ್ಲಿ 14 ದಿನದೊಳಗೆ ಎಣ್ಣೆ ಬಿಡಿಸೋ ಕೆಲಸ ಮುಗೀಬೇಕು. ಬೆಂಜೀನ್ (ಬೇಗ ಆವಿ ಆಗೋ ವಿಷದ ಅಂಶ) ಟೆಸ್ಟಿಗೆ ಬೇರೆ ಬಾಟ್ಲಿ, ಆ ಮಣ್ಣನ್ನ ಬೇರೆ ಜಾಗದ್ದರ ಜೊತೆ ಕಲಸ್ಬೇಡಿ, ಕಲಸಿದ್ರೆ ಆವಿ ಹೋಯ್ತು. ಒಂದು ಸ್ಯಾಂಪಲ್ ಎಣ್ಣೆ ಬೀಳದ ಪಕ್ಕದ ಜಾಗದ್ದೂ ಇರ್ಲಿ. ಕಾಫಿ ತೋಟದ ತರಗು, ಗೊಬ್ಬರ ಕೊಳೆತು ಬರೋ ಜಿಡ್ಡೂ ಟಿಪಿಎಚ್ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ, ಅದಕ್ಕೇ ಸಿಲಿಕಾ ಜೆಲ್ ಕ್ಲೀನಪ್ ಮಾಡಿ ಅಂತ ಬರೆದು ಕೇಳಿ. ಪಿಎಚ್ ಕೂಡ ನೋಡ್ಸಿ, ಮಲೆನಾಡು ಮಣ್ಣು ಹುಳಿ, 6ಕ್ಕಿಂತ ಕೆಳಗಿದ್ರೆ ಸ್ವಲ್ಪ ಸುಣ್ಣ ಬೇಕಾಗುತ್ತೆ.

ಕಾಫಿನಾಡು_ಸೇಫ್ಟಿ
ನಾನು ಚಿಕ್ಕಮಗಳೂರಿನವ್ನು, ಪೆಟ್ರೋಲ್ ಬಂಕುಗಳ ಹಳೇ ಟ್ಯಾಂಕ್ ಎತ್ತೋ ಕೆಲಸ ಮಾಡ್ದೋನು. ರಿಪೋರ್ಟ್ ಆಮೇಲೆ, ಮೊದ್ಲು ಒಂದು ವಿಷ್ಯ ಹೇಳಿ, ಆ ಟ್ಯಾಂಕರಲ್ಲಿ ಬರೀ ಡೀಸೆಲ್ಲೇ ಇತ್ತಾ? ಟ್ಯಾಂಕರೊಳಗೆ ಮೂರ್ನಾಲ್ಕು ಕಂಪಾರ್ಟ್‌ಮೆಂಟ್ ಇರುತ್ತೆ, ಒಂದ್ರಲ್ಲಿ ಪೆಟ್ರೋಲ್ ಇದ್ದಿರಬಹುದು. ಪೆಟ್ರೋಲಲ್ಲಿ 1 ಪರ್ಸೆಂಟ್ ತನಕ ಬೆಂಜೀನ್ ಬಿಟ್ಟಿದ್ದಾರೆ, ಅದು ರಕ್ತದ ಕ್ಯಾನ್ಸರ್ ತರೋ ವಸ್ತು, ಕೆಲಸಗಾರರ ಆರೋಗ್ಯ ನೋಡೋ ಅಮೆರಿಕದ ಸಂಸ್ಥೆ ನಿಯೋಶ್ ದಿನದ ಕೆಲಸಕ್ಕೆ ಹೇಳೋ ಮಿತಿ 0.1 ಪಿಪಿಎಂ. ನಿಮ್ಮ ಮೀಟರ್ ಎಲ್ಲಾ ಆವಿನೂ ಸೇರಿಸಿ 4 ಅನ್ನುತ್ತೆ, ಅದರಲ್ಲಿ ಬೆಂಜೀನ್ ಎಷ್ಟು ಅಂತ ಹೇಳಲ್ಲ. ಹಂಗಾಗಿ 4 ಅನ್ನೋದು ಕಮ್ಮಿ ಅಲ್ಲ ಮಾರಾಯ್ರೆ! ಬೆಂಜೀನ್ ತಾಗಿದ್ರೆ ಬಣ್ಣ ತಿರುಗೋ ಬೆಂಜೀನ್ ಟ್ಯೂಬ್ ತಂದು, ಗುಡ್ಡೆ ತಿರುವುವಾಗ ಮೂಗಿನ ಎತ್ತರದಲ್ಲಿ ನೋಡಿ, ಆವಿ ಎದ್ದು ಬರೋದು ಆಗಲೇ.

ಧೂಳಿನ ಎನ್95 ಆವಿ ತಡಿಯಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕೇ ಬೇಕು, ಗಡ್ಡ ಇದ್ರೆ ಅಂಚು ಕೂರಲ್ಲ. ತೇವದ ಗಾಳೀಲಿ ಕಾರ್ಟ್ರಿಜ್ ಬೇಗ ಸೋಲುತ್ತೆ, ಒಳಗೆ ವಾಸನೆ ಬರೋವರೆಗೂ ಕಾಯಬೇಡಿ. ಕೈಗೆ ನೈಟ್ರೈಲ್ ಗ್ಲೌಸ್, ಮಾಮೂಲಿ ರಬ್ಬರ್ ಡೀಸೆಲ್‌ಗೆ ಊದ್ಕೊಳ್ಳುತ್ತೆ. ಜಿಡ್ಡು ಬಿಡ್ಸೋಕೆ ಸೀಮೆಎಣ್ಣೇಲಿ ಕೈ ತೊಳೆಯೋ ಅಭ್ಯಾಸ ಇದ್ರೆ ಇವತ್ತೇ ನಿಲ್ಸಿ, ಕಡಿತಕ್ಕೆ ಅದೂ ಕಾರಣ, ಸೋಪು ನೀರು ಸಾಕು. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಡ್ಲಿ, ಮನೇಲಿ ಮಕ್ಕಳ ಬಟ್ಟೆ ಜೊತೆ ಒಗೆಯೋದು ಬೇಡ. ಗುಂಡಿಗೆ ಒಬ್ರನ್ನೇ ಇಳಿಸ್ಬೇಡಿ, ಈ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಆ ಇಬ್ರನ್ನ ಗುಡ್ಡೆಯಿಂದ ದೂರದ ಕೆಲಸಕ್ಕೆ ಹಾಕಿ ಡಾಕ್ಟ್ರಿಗೆ ತೋರ್ಸಿ, ಏನು ಮುಟ್ತಾ ಇದ್ರು ಅಂತ ಬಾಯಿಬಿಟ್ಟು ಹೇಳ್ಲಿ.

ಬಾಗೆ_ಹುಡುಗ
ಹತ್ತು ದಿನ ಆಯ್ತು, ಏನಾಯ್ತು ಅಂತ ಬರೀತಿದೀನಿ. ಅಣ್ಣ ಹೇಳಿದ್ದೇ ನಿಜ, ಒಂದು ಕಂಪಾರ್ಟ್‌ಮೆಂಟಲ್ಲಿ ಪೆಟ್ರೋಲ್ ಇತ್ತು. ತಿರುವುವಾಗ ಬೆಂಜೀನ್ ಟ್ಯೂಬ್ ಹೆಚ್ಚುಕಮ್ಮಿ 1 ಪಿಪಿಎಂ ತೋರಿಸ್ತು, ಅವತ್ತೇ ಕೆಲಸ ನಿಲ್ಸಿದೆ. ಟ್ಯೂಬಿನ ಬಣ್ಣ ತಿರುಗಿದ್ದನ್ನ ಕಂಟ್ರಾಕ್ಟರ್ ಕಣ್ಣಾರೆ ನೋಡಿದ್ಮೇಲೆ ಎಂಟೂ ಜನಕ್ಕೆ ಮಾಸ್ಕ್ ಬಂತು. ಹೊಸ ಮೂರು ಬಾಟ್ಲಿ ಟಿಪಿಎಚ್ 6,400, 7,100, 7,900. ಪಕ್ಕದ ಮಣ್ಣು 240. ಪಿಎಚ್ 5.2, ಸುಣ್ಣ ತರಿಸ್ತಿದೀನಿ. ಶೀಟ್ ಮೇಲೆ ನಿಂತಿರೋ ಕಪ್ಪು ನೀರನ್ನ ಚರಂಡಿಗೆ ಬಿಡಬಹುದಾ?

ಕೆಮಿಸ್ಟ್ರಿ_ಅಕ್ಕ
ಖಂಡಿತ ಬೇಡ ತಮ್ಮಾ, ಆ ಚರಂಡಿ ಸೇರೋದು ಹೇಮಾವತಿಗೇ. ಡ್ರಮ್ಮಿಗೆ ಎತ್ತಿ ಮುಚ್ಚಿಡಿ, ಒಂದು ಬಾಟ್ಲಿ ಅದರದ್ದೂ ಲ್ಯಾಬಿಗೆ ಕಳಿಸಿ, ಮಳೆ ಜೋರಾಗೋ ಮುಂಚೆ ಗುಡ್ಡೆ ಮೇಲೂ ಟಾರ್ಪಾಲು ಎಳೀರಿ.